ಸಿಮೆಂಟ್ ಜಾಸ್ತಿ ಹಾಕಿದರೆ ಗೋಡೆ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಜ್ಜನ ಕಾಲದ ಜಂಬಿಟ್ಟಿಗೆ ಮನೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು. ಎರಡು ವರ್ಷದ ಹಿಂದೆ ಅದಕ್ಕೆ ಸೇರಿಸಿ 6 ಇಂಚಿನ ಕಾಂಕ್ರೀಟ್ ಸಾಲಿಡ್ ಬ್ಲಾಕಿನಲ್ಲಿ ಎರಡು ರೂಮು ಕಟ್ಟಿಸಿದೆವು. ಮೇಲೆ ಆರ್‌ಸಿಸಿ. ಮೊದಲನೇ ಬೇಸಿಗೆಯಲ್ಲೇ ಹಳೇ ಗೋಡೆ, ಹೊಸ ಗೋಡೆ ಸೇರುವಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಬಿರುಕು ಬಂತು. ಕಿಟಕಿಯ ಕೆಳಮೂಲೆಯಿಂದ ಮೆಟ್ಟಿಲಿನ ಹಾಗೆ ಇನ್ನೊಂದು ಇಳಿದಿದೆ. ಮಳೆಗಾಲದಲ್ಲಿ ಪಡುವಣ ಗೋಡೆಯ ಒಳಗೆಲ್ಲ ತೇವ. ಈಗ ಹಿಂದುಗಡೆ ಅಡುಗೆಮನೆ ಕಟ್ಟಬೇಕು. ‘ಈ ಸಲ 1:3 ಹಾಕೋಣ, ಸಿಮೆಂಟ್ ಜಾಸ್ತಿ ಇದ್ರೆ ಬಿರುಕು ಬರಲ್ಲ’ ಅಂತ ಮೇಸ್ತ್ರಿ ಹೇಳುತ್ತಾರೆ. ಬ್ಲಾಕ್ ಅಂಟಿಸುವ ಅಡ್ಹೆಸಿವ್ ತರಿಸಿ ಅಂತ ನಮ್ಮ ಭಾವ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ. 1:3, ಅಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ, ಬೇಡ. ಅಡ್ಹೆಸಿವ್ ಕೂಡ ಬೇಡ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಈ ಒಂದು ವಿಷಯ ಗೊತ್ತಿಲ್ಲದೆ ಮಲೆನಾಡಿನಲ್ಲಿ ಎಷ್ಟೋ ಮನೆಯವರು ಸಿಮೆಂಟಿಗೆ ದುಡ್ಡು ಸುರಿದು, ಕೊನೆಗೂ ಬಿರುಕು ನೋಡುತ್ತಾ ಕೂತಿದ್ದಾರೆ.

ಮೊದಲು ನಿಮ್ಮ ಗೋಡೆ ಎಷ್ಟು ಭಾರ ಹೊರುತ್ತಿದೆ ಅಂತ ಲೆಕ್ಕ ಹಾಕೋಣ. 6 ಇಂಚು ದಪ್ಪ, 10 ಅಡಿ ಎತ್ತರದ ಬ್ಲಾಕ್ ಗೋಡೆ ತನ್ನ ಬುಡದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.7 ಕೆ.ಜಿ. ಒತ್ತುತ್ತದೆ. ಮೇಲಿನ ಸ್ಲ್ಯಾಬು, ಅದರ ಮೇಲೆ ಓಡಾಡುವ ಜನ, ಎಲ್ಲ ಸೇರಿದರೂ ಅದು ಒಂದೂವರೆ ಕೆ.ಜಿ. ದಾಟುವುದಿಲ್ಲ. ಒಂದು ಸಾಧಾರಣ ಸಾಲಿಡ್ ಬ್ಲಾಕು ಪುಡಿಯಾಗಬೇಕಾದರೆ ಅದೇ ಜಾಗಕ್ಕೆ ಸುಮಾರು 40 ಕೆ.ಜಿ. ಬೇಕು. ಜಂಬಿಟ್ಟಿಗೆಗೂ ಊರಿನ ಗೂಡಿನ ಇಟ್ಟಿಗೆಗೂ ಕನಿಷ್ಠ 35 ಕೆ.ಜಿ. ಇರಬೇಕು ಅಂತ ಭಾರತೀಯ ಮಾನಕ ಹೇಳುತ್ತದೆ. ಅಂದರೆ ಒಂದು ಅಂತಸ್ತಿನ ಮನೆಯಲ್ಲಿ ಹೊರುವ ಭಾರದ ಇಪ್ಪತ್ತು ಪಟ್ಟಿಗೂ ಜಾಸ್ತಿ ಬಲ ಬ್ಲಾಕಿಗೆ, ಇಟ್ಟಿಗೆಗೆ ಮೊದಲೇ ಇದೆ. ಭಾರಕ್ಕೆ ನಿಮ್ಮ ಗೋಡೆ ಒಡೆದಿಲ್ಲ.

ಹಾಗಾದರೆ ಒಡೆದದ್ದು ಎಲ್ಲಿ? ನೀವು ಕಳಿಸಿದ ಫೋಟೋ ಇನ್ನೊಂದು ಸಲ ನೋಡಿ. ಬ್ಲಾಕು ಒಂದೂ ಒಡೆದಿಲ್ಲ. ಬ್ಲಾಕಿಗೂ ಗಾರೆಗೂ ನಡುವೆ ಬಿಟ್ಟುಕೊಂಡಿದೆ. ಗೋಡೆಯನ್ನು ಒತ್ತಿದರೆ ಅದು ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಒಣಗಿ ಕುಗ್ಗುವುದು, ಬಿಸಿಲಿಗೆ ಹಿಗ್ಗುವುದು, ಪಾಯ ಒಂದು ಕಡೆ ಕೂರುವುದು, ಇವೆಲ್ಲ ಗೋಡೆಯನ್ನು ಎಳೆಯುತ್ತವೆ. ಆ ಎಳೆತವನ್ನು ತಡೆಯುವುದು ಕಲ್ಲಿನ ಬಲವೂ ಅಲ್ಲ, ಗಾರೆಯ ಬಲವೂ ಅಲ್ಲ. ಎರಡರ ನಡುವಿನ ಹಿಡಿತ.

ಸಿಮೆಂಟ್ ಜಾಸ್ತಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಗೋಡೆ ಕಟ್ಟುವ ಭಾರತೀಯ ಮಾನಕ ಐಎಸ್ 1905ರಲ್ಲಿ ಒಂದು ಪಟ್ಟಿಯೇ ಇದೆ. ಚದರ ಸೆಂಟಿಮೀಟರಿಗೆ 50 ಕೆ.ಜಿ. ತಡೆಯುವ ಬ್ಲಾಕನ್ನು 1:6 ಗಾರೆಯಲ್ಲಿ ಕಟ್ಟಿದರೆ ಗೋಡೆಯ ಮೇಲೆ ಚದರ ಸೆಂಟಿಮೀಟರಿಗೆ 4.4 ಕೆ.ಜಿ. ಹೇರಬಹುದು. 1:5 ಮಾಡಿದರೆ 5 ಕೆ.ಜಿ. ಅಲ್ಲಿಂದ ಮುಂದೆ 1:3ರವರೆಗೆ ಹೋದರೂ ಅದೇ 5 ಕೆ.ಜಿ. ಗೋಡೆಯ ಎತ್ತರ, ದಪ್ಪ ನೋಡಿ ಇದರಲ್ಲಿ ಇನ್ನೂ ಸ್ವಲ್ಪ ಕಳೆಯಬೇಕು, ಆದರೆ ಹೋಲಿಕೆ ಬದಲಾಗುವುದಿಲ್ಲ. ಹೆಚ್ಚಿಗೆ ಹಾಕಿದ ಸಿಮೆಂಟಿನಿಂದ ಗೋಡೆಗೆ ನಯಾಪೈಸೆ ಲಾಭ ಇಲ್ಲ. ನಷ್ಟ ಮಾತ್ರ ಇದೆ. ಸಿಮೆಂಟ್ ಜಾಸ್ತಿಯಾದಷ್ಟೂ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಗಟ್ಟಿಯಾದ ಮೇಲೆ ಚೂರೂ ಬಾಗುವುದಿಲ್ಲ. ಹದವಾದ ಗಾರೆಯಲ್ಲಿ ಹತ್ತು ಸಂದಿಗೆ ಕೂದಲೆಳೆಯಷ್ಟು ಹಂಚಿಹೋಗುವ ಎಳೆತ, 1:3ರಲ್ಲಿ ಒಂದೇ ಕಡೆ ನಾಣ್ಯ ತೂರುವಷ್ಟು ಬಾಯಿಬಿಡುತ್ತದೆ. ಕೆಲವು ಸಲ ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ಕರ್ನಾಟಕದ ಇಟ್ಟಿಗೆಗಳ ಮೇಲೆಯೇ ಈ ಬಗ್ಗೆ ಪರೀಕ್ಷೆ ನಡೆದಿದೆ. ನಮ್ಮ ಇಟ್ಟಿಗೆ ಗಾರೆಗಿಂತ ಮೆತ್ತಗೆ. ಇಂಥ ಇಟ್ಟಿಗೆಯಲ್ಲಿ, ಗಾರೆಯ ಬಲವನ್ನು ಹಾಗೇ ಇಟ್ಟು ಹಿಡಿತವನ್ನಷ್ಟೇ ಹೆಚ್ಚಿಸಿದರೂ ಇಡೀ ಗೋಡೆಯ ಬಲ ಏರುತ್ತದೆ ಅಂತ ಅಲ್ಲಿ ಕಂಡುಕೊಂಡರು. ಬರೀ ಸಿಮೆಂಟ್ ಗಾರೆಗಿಂತ ಸುಣ್ಣ ಬೆರೆಸಿದ ಸಿಮೆಂಟ್ ಗಾರೆ ಚೆನ್ನಾಗಿ ಹಿಡಿಯುತ್ತದೆ ಅನ್ನುವುದೂ ಅಲ್ಲಿ ಗೊತ್ತಾಯಿತು.

ಈ ಹಿಡಿತ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಹಸಿ ಗಾರೆಯ ಮೇಲೆ ಇಟ್ಟಿಗೆ ಇಟ್ಟ ತಕ್ಷಣ ಅದು ನೀರು ಹೀರಲು ಶುರು ಮಾಡುತ್ತದೆ. ಆ ನೀರಿನ ಜೊತೆ ಸಿಮೆಂಟಿನ ಹಾಲೂ ಇಟ್ಟಿಗೆಯ ಸಣ್ಣ ಸಣ್ಣ ತೂತುಗಳ ಒಳಗೆ ಹೋಗುತ್ತದೆ. ಅಲ್ಲಿ ಅದು ಸೂಜಿಯಂಥ ಹರಳುಗಳಾಗಿ ಬೆಳೆದು ಗಟ್ಟಿಯಾಗುತ್ತದೆ. ಮರದ ಬೇರು ಮಣ್ಣನ್ನು ಹಿಡಿದ ಹಾಗೆ ಗಾರೆ ಇಟ್ಟಿಗೆಯನ್ನು ಹಿಡಿಯುವುದು ಹೀಗೆ. ಇದು ಅಂಟು ಅಲ್ಲ, ಬೇರು.

ಈ ಬೇರಿಗೆ ನೀರು ಬೇಕು, ಹದವಾಗಿ. ಮಾರ್ಚ್ ಬಿಸಿಲಲ್ಲಿ ಕಾದ ಇಟ್ಟಿಗೆಯನ್ನು ಒಣಗಿದಂತೆಯೇ ಇಟ್ಟರೆ ಒಂದೇ ನಿಮಿಷದಲ್ಲಿ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಸಿಮೆಂಟಿಗೆ ಕುದುರಿಕೊಳ್ಳಲು ನೀರೇ ಉಳಿಯುವುದಿಲ್ಲ. ಹೊಸನಗರದ ಕಡೆ ಒಂದು ಹೊಸ ಗೋಡೆ ಬಿಚ್ಚುವಾಗ ನಾನು ಹತ್ತಿರ ನಿಂತಿದ್ದೆ. ಕರಣೆಯ ತುದಿ ಹಾಕಿ ಮೀಟಿದರೆ ಸಾಕು, ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ ಗಾರೆಯ ಪದರ ಇಡಿಯಾಗಿ ಎದ್ದು ಬರುತ್ತಿತ್ತು. ಇಟ್ಟಿಗೆಯ ಮೈ ಮೇಲೆ ಒಂದು ಕಾಳು ಮರಳೂ ಅಂಟಿರಲಿಲ್ಲ. ಬದಲಿಗೆ ನಯವಾದ ಕೆಂಪು ಧೂಳಿತ್ತು. ಆ ಗಾರೆ 1:4. ಸಿಮೆಂಟಿಗೆ ಕಡಿಮೆ ಇರಲಿಲ್ಲ. ಇಟ್ಟಿಗೆಗೆ ನೀರು ಕುಡಿಸಿರಲಿಲ್ಲ, ಧೂಳು ತೊಳೆದಿರಲಿಲ್ಲ, ಅಷ್ಟೇ.

ಅದಕ್ಕೆ ಇಟ್ಟಿಗೆಯಾದರೆ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಗುಳುಗುಳು ಗುಳ್ಳೆ ನಿಲ್ಲುವವರೆಗೆ ಬಿಡಬೇಕು. ತೆಗೆದು, ಮೈ ಮೇಲಿನ ನೀರು ಆರುವವರೆಗೆ ಕಾಯಬೇಕು. ಒಳಗೆ ತೇವ, ಹೊರಗೆ ಒಣ. ನೀರು ತೊಟ್ಟಿಕ್ಕುವ ಇಟ್ಟಿಗೆ ಇಟ್ಟರೆ ಅದು ಗಾರೆಯ ಮೇಲೆ ತೇಲುತ್ತದೆ, ಹೀರುವುದಕ್ಕೆ ತೂತುಗಳಲ್ಲಿ ಜಾಗವೇ ಇರುವುದಿಲ್ಲ. ಜಂಬಿಟ್ಟಿಗೆಗೂ ಹೆಚ್ಚುಕಮ್ಮಿ ಇದೇ ಮಾತು. ಜೊತೆಗೆ ಅದರ ಗುಳಿಗಳಲ್ಲಿ ಕೂತ ಪುಡಿಯನ್ನು ನಾರಿನ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಬೇಕು.

ಆದರೆ ಕಾಂಕ್ರೀಟ್ ಬ್ಲಾಕಿಗೆ ಇದು ಪೂರ್ತಿ ಉಲ್ಟಾ, ಮತ್ತು ನಿಮ್ಮ ಕಿಟಕಿ ಕೆಳಗಿನ ಬಿರುಕಿನ ಮೂಲ ಇಲ್ಲೇ ಇದೆ. ಸುಟ್ಟ ಇಟ್ಟಿಗೆ ಗೂಡಿನಲ್ಲೇ ಒಣಗಿ ಬಂದಿರುತ್ತದೆ, ಆಮೇಲೆ ಕುಗ್ಗುವುದಿಲ್ಲ. ಕಾಂಕ್ರೀಟ್ ಬ್ಲಾಕು ಹಾಗಲ್ಲ. ಒಳಗಿನ ನೀರು ಆರಿದಂತೆಲ್ಲ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ. 20 ಅಡಿ ಉದ್ದದ ಗೋಡೆ ನೂರಕ್ಕೆ 0.05ರಷ್ಟು ಕುಗ್ಗಿದರೂ 3 ಮಿಲಿಮೀಟರ್ ಆಯಿತು. ಬುಡದಲ್ಲಿ ಪಾಯ ಹಿಡಿದಿದೆ, ಮೇಲೆ ಸ್ಲ್ಯಾಬು ಹಿಡಿದಿದೆ. ಆ 3 ಮಿಲಿಮೀಟರ್ ಎಲ್ಲಿಂದಾದರೂ ಬರಬೇಕಲ್ವಾ? ಗೋಡೆ ಎಲ್ಲಿ ಸೋತಿದೆಯೋ ಅಲ್ಲಿಂದ ಬರುತ್ತದೆ. ಕಿಟಕಿಯ ಮೂಲೆಗಿಂತ ಸೋತ ಜಾಗ ಗೋಡೆಯಲ್ಲಿ ಇನ್ನೊಂದಿಲ್ಲ.

ಬ್ಲಾಕಿನ ಮಾನಕದಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ಅಚ್ಚಿನಿಂದ ತೆಗೆದ ಬ್ಲಾಕಿಗೆ ಕನಿಷ್ಠ 14 ದಿನ ನೀರು ಹಾಕಬೇಕು, ಆಮೇಲೆ 4 ವಾರ ಒಣಗಲು ಬಿಡಬೇಕು. ಒಟ್ಟು ಒಂದೂವರೆ ತಿಂಗಳು. ನಮ್ಮಲ್ಲಿ ಬೇಸಿಗೆ ಸೀಸನ್ನಿನಲ್ಲಿ ಹೋದ ವಾರದ ಬ್ಲಾಕು ಈ ವಾರ ಲಾರಿ ಏರಿರುತ್ತದೆ. ಗೋಡೆಗೆ ಬಂದ ಮೇಲೆ ಇಟ್ಟಿಗೆ ಅಂತ ತಿಳಿದು ಪೈಪ್ ಹಿಡಿದು ತೋಯಿಸುತ್ತಾರೆ. ಕುಡಿದ ನೀರೆಲ್ಲ ಆರುವಾಗ ಮತ್ತೆ ಕುಗ್ಗುತ್ತದೆ. ಬ್ಲಾಕನ್ನು ನೆನೆಸಬಾರದು. ಗಾರೆ ಕೂರುವ ಮೈಗೆ ಮಾತ್ರ ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು. ನಿಮ್ಮ ಅಡುಗೆಮನೆಗೆ ಬ್ಲಾಕೇ ಆಗಬೇಕು ಅಂದರೆ ಈ ವರ್ಷದ ಮಳೆ ಮುಗಿದ ತಕ್ಷಣ ಕೊಂಡು, ನೆಲಕ್ಕೆ ತಾಗದ ಹಾಗೆ ಅಡಿಕೆ ದಬ್ಬೆಯ ಮೇಲೆ ಪೇರಿಸಿ, ಮೇಲೆ ತಗಡು ಮುಚ್ಚಿಡಿ. ಗೋಡೆ ಸಂಕ್ರಾಂತಿ ಆದ ಮೇಲೆ ಎಬ್ಬಿಸಿ.

ಜಂಬಿಟ್ಟಿಗೆ ಸಿಗುವ ಊರಲ್ಲಿ ಇದ್ದುಕೊಂಡು ಬ್ಲಾಕ್ ಯಾಕೆ ಅನ್ನುವುದು ನನ್ನ ಮನಸ್ಸಿನ ಮಾತು. ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ ಕೇರಳದ ಅಂಗಡಿಪುರದಲ್ಲಿ ನೋಡಿದ ಈ ಕಲ್ಲಿಗೆ, 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆಯಲ್ಲೂ ಅದೇ ಇಟ್ಟಿಗೆ ಇದೆ, ನೋಡಿ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಹಾಗಾಗಿ ಅದನ್ನೂ ಕೆಲವು ತಿಂಗಳು ಹೊರಗೆ ಬಿಡಬೇಕು. ಬಿಳಿ ಜೇಡಿಯ ಗಂಟು ಇರುವ ಕಲ್ಲು ಬೇಡ, ಮಳೆಗೆ ಅದು ಕರಗಿ ತೂತಾಗುತ್ತದೆ. ತೂಕ ಹಾಕಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿ. ನೂರಕ್ಕೆ 12ಕ್ಕಿಂತ ಜಾಸ್ತಿ ನೀರು ಕುಡಿದಿದ್ದರೆ ಆ ಕ್ವಾರಿಯ ಕಲ್ಲು ಬಿಡಿ. ಊರಿನ ಇಟ್ಟಿಗೆಗೆ ಈ ಮಿತಿ ನೂರಕ್ಕೆ 20.

ಈಗ ನಿಮ್ಮ ಇನ್ನೊಂದು ಬಿರುಕಿಗೆ ಬರೋಣ. ಹಳೇ ಗೋಡೆ, ಹೊಸ ಗೋಡೆ ಸೇರುವ ಕಡೆಯದು. ಇಲ್ಲಿ ನನ್ನ ಮಾತು ನಿಮಗೆ ವಿಚಿತ್ರ ಅನಿಸಬಹುದು. ಇಷ್ಟು ಹೊತ್ತು ಹಿಡಿತ ಹಿಡಿತ ಅಂದವನು, ಈ ಜಾಗದಲ್ಲಿ ಹಿಡಿತವೇ ಬೇಡ ಅನ್ನುತ್ತೇನೆ. ನಿಮ್ಮ ಮೇಸ್ತ್ರಿ ಹಳೇ ಗೋಡೆಯ ಜಂಬಿಟ್ಟಿಗೆ ಕಿತ್ತು, ಹಲ್ಲು ಮಾಡಿ, ಬ್ಲಾಕನ್ನು ಅದರೊಳಗೆ ಕಚ್ಚಿಸಿದ್ದಾರೆ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ಅಜ್ಜನ ಗೋಡೆಯ ಪಾಯ ಅರವತ್ತು ಎಪ್ಪತ್ತು ಮಳೆ ಕಂಡು ಕೂರುವಷ್ಟು ಕೂತಾಗಿದೆ. ಹೊಸ ಪಾಯ ಈಗಷ್ಟೇ ಕೂರುತ್ತಿದೆ. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ಪೂರ್ತಿ ನೆನೆದು, ಬೇಸಿಗೆಯಲ್ಲಿ ಆರುತ್ತದೆ. ಎರಡು ಮೂರು ವರ್ಷ ಹೊಸ ಪಾಯ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ಅದರ ಜೊತೆಗೆ ಹಳೆಯದು ಮಣ್ಣಿನ ಗಾರೆಯ ಮೆತ್ತನೆ ಗೋಡೆ, ಹೊಸದು ಬಿರುಸಾದ, ಕುಗ್ಗುವ ಗೋಡೆ. ಎರಡನ್ನೂ ಗಂಟು ಹಾಕಿದರೆ ಒಂದು ಇನ್ನೊಂದನ್ನು ಹರಿಯುತ್ತದೆ.

ಅಡುಗೆಮನೆ ಕಟ್ಟುವಾಗ ಹಳೇ ಗೋಡೆಗೆ ಕಚ್ಚಿಸಬೇಡಿ. ಪಾಯದಿಂದ ಸ್ಲ್ಯಾಬಿನವರೆಗೆ ಅರ್ಧದಿಂದ ಮುಕ್ಕಾಲು ಇಂಚಿನ ನೇರ ಸಂದು ಬಿಡಿ. ಒಳಗೆ ಥರ್ಮೋಕೋಲ್ ಹಾಳೆ ಅಥವಾ ಮೆತ್ತನೆ ಫೋಮು ಇಟ್ಟು, ಹೊರಗಿನ ಬಾಯಿಗೆ ರಬ್ಬರಿನ ಹಾಗೆ ಹಿಗ್ಗುವ ಸೀಲೆಂಟ್ ತುಂಬಿ. ಒಳಗಡೆ ಚೆಂದಕ್ಕೆ ಒಂದು ಮರದ ಪಟ್ಟಿ ಹೊಡೆಯಿರಿ, ಮೊಳೆ ಒಂದೇ ಬದಿಗೆ. ಹಾಗೆ ಮಾಡಿದರೆ ಗೋಡೆ ಸರಿದರೂ ಪಟ್ಟಿ ಹರಿಯುವುದಿಲ್ಲ. ಮೇಲ್ಗಡೆ ಸಂದಿನ ಮೇಲೆ ನೀರು ಬೀಳದ ಹಾಗೆ ತಗಡಿನ ಮಡಿಕೆ ಬೇಕೇ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಿಮ್ಮೂರಿಗೆ ಅಷ್ಟು ಇಲ್ಲದಿದ್ದರೂ ಒಂದು ತೆರೆದ ಸಂದು ಮನೆ ಹಾಳು ಮಾಡಲು ಸಾಕು.

ಹಳೇ ಗೋಡೆ ಹೊಸ ಗೋಡೆಗೆ ಗಂಟು ಬೇಡ, ಆದರೆ ಹೊಸ ಗೋಡೆಯೊಳಗೆ ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರಬೇಕು. ಒಂದು ವರಸೆಯ, ಅಂದರೆ ಒಂದು ಸಾಲು ಬ್ಲಾಕಿನ, ನಿಂತ ಸಂದಿನ ಮೇಲೆ ಇನ್ನೊಂದು ವರಸೆಯ ನಿಂತ ಸಂದು ಬರಬಾರದು. ಇದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು, ಗೋಡೆಯ ನಡುವೆ ತಪ್ಪುವುದೂ ಇಲ್ಲ. ತಪ್ಪುವುದು ಕಿಟಕಿ, ಬಾಗಿಲ ಪಕ್ಕದಲ್ಲಿ. ಅಲ್ಲಿ ಅಳತೆ ಕೂಡಿಬರದೆ ಎರಡು ಇಂಚು, ಮೂರು ಇಂಚಿನ ಚೂರು ತುರುಕುತ್ತಾರೆ. 16 ಇಂಚಿನ ಬ್ಲಾಕು ಕೆಳಗಿನ ಸಂದಿನ ಆಚೆಗೂ ಈಚೆಗೂ ಕನಿಷ್ಠ 4 ಇಂಚು ಕೂತಿರಬೇಕು. ಅದಕ್ಕೆ ಕಿಟಕಿಯ ಅಳತೆಯನ್ನೇ ಬ್ಲಾಕಿನ ಲೆಕ್ಕಕ್ಕೆ ಹೊಂದಿಸಿ. ಮೊದಲ ವರಸೆಯನ್ನು ಗಾರೆ ಇಲ್ಲದೆ ಸುಮ್ನೆ ಜೋಡಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ. ಮೂಲೆಯಲ್ಲಿ ಒಂದು ವರಸೆಗೆ ಈ ಗೋಡೆಯ ಬ್ಲಾಕು ತುದಿವರೆಗೆ ಬರಲಿ, ಮುಂದಿನದಕ್ಕೆ ಆ ಗೋಡೆಯದು. 6 ಇಂಚಿನ ಬ್ಲಾಕಿನಲ್ಲಿ ಹೀಗೆ ಮಾಡಿದರೆ ಸಂದಿನ ಮೇಲೆ 6 ಇಂಚು ತಾನಾಗಿಯೇ ಸಿಗುತ್ತದೆ. ಎರಡು ಗೋಡೆ ಸೇರುವ ಕಡೆ ಒಂದನ್ನು ಪೂರ್ತಿ ಎಬ್ಬಿಸಿ ಇನ್ನೊಂದನ್ನು ಆಮೇಲೆ ಅಂಟಿಸುವುದು ಬೇಡ. ಎರಡೂ ಒಟ್ಟಿಗೆ ಏಳಲಿ.

9 ಇಂಚಿನ ಇಟ್ಟಿಗೆ ಗೋಡೆಯಾದರೆ ಒಂದು ವರಸೆ ಉದ್ದಕ್ಕೆ, ಒಂದು ವರಸೆ ಅಡ್ಡಕ್ಕೆ. ಇಂಗ್ಲಿಷ್ ಬಾಂಡ್ ಅನ್ನುವುದು ಇದಕ್ಕೇ. ಅಡ್ಡ ಇಟ್ಟಿಗೆ ಗೋಡೆಯ ಒಳಮೈ, ಹೊರಮೈ ಎರಡನ್ನೂ ಹೊಲಿದು ಹಿಡಿಯುತ್ತದೆ. ಮೂಲೆಯ ಅಡ್ಡ ಇಟ್ಟಿಗೆಯ ಪಕ್ಕ ಉದ್ದಕ್ಕೆ ಸೀಳಿದ ಅರ್ಧ ಇಟ್ಟಿಗೆ ಇಟ್ಟರೆ ಸಂದು ತಪ್ಪುತ್ತದೆ. ಅದು ಸರಿಯಾಗಿ ಕೂತಿದೆಯೇ ಅಂತ ನೋಡಿದರೆ ಮೇಸ್ತ್ರಿಯ ಕೈ ಎಂಥದ್ದು ಅಂತ ನನಗೆ ಗೊತ್ತಾಗುತ್ತದೆ.

ಪಡುವಣ ಗೋಡೆಯ ತೇವಕ್ಕೆ ಕಾರಣ ಬಹುಪಾಲು ನಿಂತ ಸಂದುಗಳು. ಕೆಲಸದವರು ಮಲಗಿದ ಸಂದಿಗೆ ಗಾರೆ ಹಾಸುತ್ತಾರೆ, ನಿಂತ ಸಂದಿಗೆ ಹೊರಗಿನಿಂದ ಕರಣೆಯಲ್ಲಿ ಒಂದು ಚೂರು ಸವರಿ ಮುಂದೆ ಹೋಗುತ್ತಾರೆ. ಒಳಗೆ ಟೊಳ್ಳು. ಬಯಲುಸೀಮೆಯಲ್ಲಿ ಅದು ನಡೆದುಹೋಗುತ್ತದೆ. ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕಿನಲ್ಲಿ ನುಗ್ಗಿದ ನೀರು ಆ ಟೊಳ್ಳಿನಲ್ಲಿ ನಿಂತು ಒಳಗೆ ಜಿನುಗುತ್ತದೆ. ಬ್ಲಾಕಿನ ತುದಿಗೆ ಮೊದಲೇ ಗಾರೆ ಮೆತ್ತಿ, ಪಕ್ಕದ ಬ್ಲಾಕಿಗೆ ಒತ್ತಿ ಕೂರಿಸಬೇಕು. ಗಾರೆ ಹೊರಗೆ ಉಕ್ಕಬೇಕು. ಉಕ್ಕದಿದ್ದರೆ ತುಂಬಿಲ್ಲ ಅಂತಲೇ ಲೆಕ್ಕ. ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಸೂರನ್ನು ಮೂರಡಿ ಚಾಚುತ್ತಿದ್ದರು. ಅಡುಗೆಮನೆಯ ಆರ್‌ಸಿಸಿಗೂ ಆ ಕಡೆ ಅಷ್ಟೇ ಚಾಚು ಕೊಡಿ. ವಾಟರ್‌ಪ್ರೂಫ್ ಬಣ್ಣಕ್ಕಿಂತ ಅದು ನೂರು ಪಾಲು ಮೇಲು.

ಇನ್ನು ಗಾರೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಅರಳಿಸಿದ ಸುಣ್ಣದ ಪುಡಿ, ಆರು ಪಾಲು ಮರಳು, ನಾನು ಇದನ್ನೇ ಹೇಳುವುದು. ಸುಣ್ಣ ಇದ್ದರೆ ಗಾರೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಬೆಣ್ಣೆಯ ಹಾಗೆ ಹರಡುತ್ತದೆ, ಇಟ್ಟಿಗೆಯ ಮೂಲೆಮೂಲೆಗೂ ತಾಗುತ್ತದೆ. ಮೇಸ್ತ್ರಿಗೆ ಸುಣ್ಣದ ಅಭ್ಯಾಸ ಇಲ್ಲ ಅಂದರೆ 1:5 ಸಾಕು. 4 ಇಂಚಿನ ಅಡ್ಡಗೋಡೆ ಇದ್ದರೆ ಅದಕ್ಕೆ ಮಾತ್ರ 1:4. ಎಂ-ಸ್ಯಾಂಡ್ ಆದರೆ ಗೋಡೆ ಕಟ್ಟುವ ಜಾತಿಯದ್ದು ಕೇಳಿ, ಜಲ್ಲಿಪುಡಿ ಅಲ್ಲ. ಹೊಳೆ ಮರಳಾದರೆ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಮೂರು ಗಂಟೆ ಇಡಿ. 10 ಸೆಂಟಿಮೀಟರ್ ಮರಳಿನ ಮೇಲೆ 8 ಮಿಲಿಮೀಟರಿಗಿಂತ ಜಾಸ್ತಿ ಕೆಸರು ಕೂತರೆ ತೊಳೆದು ಬಳಸಿ. ಆ ಕೆಸರು ಕಲ್ಲಿಗೂ ಗಾರೆಗೂ ನಡುವೆ ಪರದೆ ಹಾಕುತ್ತದೆ. ಕಲಸಿದ ಮಾಲು ಎರಡು ಗಂಟೆಯೊಳಗೆ ಮುಗಿಯಬೇಕು. ಊಟಕ್ಕೆ ಮುಂಚೆ ಕಲಸಿದ್ದಕ್ಕೆ ಊಟ ಆದ ಮೇಲೆ ನೀರು ಚಿಮುಕಿಸಿ ತಿರುವಿ ಹಾಕುವುದನ್ನು ನೀವೇ ನಿಂತು ತಡೆಯಬೇಕು. ಒಮ್ಮೆ ಕೂರಿಸಿದ ಬ್ಲಾಕನ್ನು ಹತ್ತು ನಿಮಿಷ ಬಿಟ್ಟು ತೂಗುಗುಂಡು ನೋಡಿ ತಟ್ಟಿ ಸರಿ ಮಾಡುವುದೂ ತಪ್ಪು. ಆಗಷ್ಟೇ ಇಳಿದ ಬೇರು ಅಲ್ಲೇ ಹರಿಯುತ್ತದೆ. ಸರಿ ಮಾಡಲೇಬೇಕಾದರೆ ತೆಗೆದು, ಹೊಸ ಗಾರೆ ಹಾಕಿ ಕೂರಿಸಲಿ.

ಅಡ್ಹೆಸಿವ್ ಯಾಕೆ ಬೇಡ ಅಂದರೆ, ಅದು 3 ಮಿಲಿಮೀಟರ್ ಪದರಕ್ಕೆ ಮಾಡಿದ್ದು. ಕಾರ್ಖಾನೆಯಲ್ಲಿ ಮಾಡುವ ಹಗುರವಾದ ಎಎಸಿ ಬ್ಲಾಕಿನ ಹಾಗೆ ಅಳತೆ ಚೂರೂ ತಪ್ಪದ ಬ್ಲಾಕಿಗೆ ಅದು ಸರಿ. ಊರಿನ ಸಾಲಿಡ್ ಬ್ಲಾಕಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕಾಲು ಇಂಚು ವ್ಯತ್ಯಾಸ ಇರುತ್ತದೆ. ಪದರ ಎಲ್ಲ ಕಡೆ ತಾಗುವುದೇ ಇಲ್ಲ.

ದಿನಕ್ಕೆ ನಾಲ್ಕರಿಂದ ಐದು ಅಡಿಗಿಂತ ಎತ್ತರ ಕಟ್ಟಬೇಡಿ. ಕಿಟಕಿಯ ಕೆಳಗೆ, ಸಿಲ್ ಮಟ್ಟದಲ್ಲಿ, ಮೂರು ಇಂಚಿನ ಕಾಂಕ್ರೀಟ್ ಪಟ್ಟಿಯೊಳಗೆ 8 ಮಿಲಿಮೀಟರಿನ ಎರಡು ಕಂಬಿ ಹಾಕಿ ಗೋಡೆಯ ಸುತ್ತ ಓಡಿಸಿ. ಖರ್ಚು ದೊಡ್ಡದಲ್ಲ, ಮೂಲೆಯ ಬಿರುಕಿಗೆ ಇದಕ್ಕಿಂತ ಒಳ್ಳೇ ಮದ್ದು ನಾನು ಕಂಡಿಲ್ಲ. ಕಟ್ಟಿದ ಮಾರನೇ ದಿನದಿಂದ ಏಳು ದಿನ ಗೋಡೆ ಒಣಗಬಾರದು. ಇಟ್ಟಿಗೆ, ಜಂಬಿಟ್ಟಿಗೆಯಾದರೆ ಗೋಣಿಚೀಲ ಇಳಿಬಿಟ್ಟು ತೋಯಿಸಿ. ಬ್ಲಾಕಾದರೆ ಸಂದು ತೇವವಾಗುವಷ್ಟು ಮಾತ್ರ ಚಿಮುಕಿಸಿ. ಮಧ್ಯೆ ಅಕಾಲದ ಮಳೆ ಬಂದರೆ ಗೋಡೆಯ ತಲೆಗೆ ಟಾರ್ಪಾಲು ಹೊದಿಸಿ.

ಈಗಿರುವ ಬಿರುಕುಗಳನ್ನು ಈ ವರ್ಷ ಮುಚ್ಚಿಸಬೇಡಿ. ಒಂದೊಂದರ ಮೇಲೂ ಎರಡು ಕಡೆ ತೆಳು ಗಾಜಿನ ಚೂರನ್ನು ಅಡ್ಡಲಾಗಿ ಇಟ್ಟು ಎರಡೂ ತುದಿ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗಾಜು ಹಾಗೇ ಇದ್ದರೆ ಕಿಟಕಿ ಕೆಳಗಿನ ಸಂದುಗಳನ್ನು ಒಂದು ಇಂಚು ಆಳ ಕೆತ್ತಿ, ಧೂಳು ತೊಳೆದು, ಅದೇ ಸುಣ್ಣದ ಗಾರೆ ಒತ್ತಿ ತುಂಬಿಸಿ. ಹಳೇ ಗೋಡೆ ಪಕ್ಕದ ಬಿರುಕಿಗೆ ಗಾರೆ ಬೇಡ, ಸೀಲೆಂಟೇ ಹಾಕಿ. ಗಾಜು ಒಡೆದರೆ, ಇಲ್ಲವೇ ಬಿರುಕು 5 ಮಿಲಿಮೀಟರ್ ದಾಟಿದರೆ, ಅಡುಗೆಮನೆಯ ಪಾಯ ತೆಗೆಯುವ ಮುಂಚೆ ಶಿವಮೊಗ್ಗದಿಂದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಆ ಮೂಲೆಯ ಪಾಯ ಅಗೆಸಿ ತೋರಿಸಿ. ಸೂರಿನ ನೀರು ಅಲ್ಲೇ ಬಿದ್ದು ಬುಡ ಕೊರೆಯುತ್ತಿದೆಯೇ ಅಂತ ಈ ಮಳೆಯಲ್ಲೇ ಕೊಡೆ ಹಿಡಿದು ಒಮ್ಮೆ ಹೋಗಿ ನೋಡಿ ಬನ್ನಿ.